ನಾಟಾ ಅಳೆಯೋ ಪ್ಲಾಟು: ದುಂಡಗಿರಲಾ, ಚೌಕ ಇರಲಾ, ಎಷ್ಟು ದೊಡ್ಡದಿರಲಿ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಒಂದೇ ವಿಷಯದ್ದು. ತೋಪಿನ ಮರ ಮಾರುವ ಮುಂಚೆ ಅಲ್ಲಿ ಎಷ್ಟು ನಾಟಾ ಇದೆ ಅಂತ ತಿಳಿಯೋದು ಹೇಗೆ, ಅದಕ್ಕೆ ಮಾದರಿ ಪ್ಲಾಟು (ತೋಪಿನ ಒಂದು ತುಂಡು ಜಾಗ ಗುರುತು ಮಾಡಿ, ಅಲ್ಲಿನ ಮರ ಅಳೆದು, ಅದರಿಂದ ಇಡೀ ತೋಪಿನ ಲೆಕ್ಕ ಕಟ್ಟೋದು) ಹಾಕೋದಾದರೆ ಯಾವ ಆಕಾರದ್ದು, ಎಷ್ಟು ಅಳತೆಯದ್ದು. ಇಪ್ಪತ್ತು ವರ್ಷ ಬೆಳೆಸಿದ ಮರವನ್ನು ಕಣ್ಣಂದಾಜಿನಲ್ಲಿ ಮಾರಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೇ ಪೂರ್ತಿ ಅಂಕಣ ಇದಕ್ಕೆ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು. 6 ಎಕರೆ ತೇಗ ಇದೆ, 10 ಅಡಿಗೆ 10 ಅಡಿ ಅಂತರ. ವ್ಯಾಪಾರಿ ಒಂದು ಸುತ್ತು ಹಾಕಿ ಒಟ್ಟಿಗೆ ಇಷ್ಟು ಅಂತ ರೇಟು ಹೇಳಿದ್ದಾರೆ. ನಾವೇ ನೋಡೋಣ ಅಂತ ಒಂದು ಗುಂಟೆಯ ದುಂಡನೆ ಪ್ಲಾಟು ಎರಡು ಕಡೆ ಹಾಕಿದೆವು. ಒಂದು ಕಡೆ ಎಕರೆಗೆ 360 ಮರ ಬಂತು, ಇನ್ನೊಂದು ಕಡೆ 480. ಎರಡೂ ಕಡೆ ಒಂದು ಮರವೂ ಸತ್ತಿಲ್ಲ. ಚೌಕ ಹಾಕಬೇಕಿತ್ತಾ ಸರ್?

ಉತ್ತರ: ನಿಮ್ಮ ಎಣಿಕೆ ಸರಿಯಾಗಿಯೇ ಇದೆ. ಪ್ಲಾಟು ಚಿಕ್ಕದಾಯಿತು, ಅಷ್ಟೇ. ಒಂದು ಗುಂಟೆ ಅಂದರೆ 33 ಅಡಿ ಚೌಕ, 1089 ಚದರ ಅಡಿ. ಅಷ್ಟೇ ಜಾಗ ದುಂಡಗೆ ಬೇಕಾದರೆ ನಡುವಿನ ಗೂಟದಿಂದ 18.6 ಅಡಿ ಅಳತೆ. ಈಗ ಒಂದು ಹಾಳೆಯ ಮೇಲೆ 10 ಅಡಿ ಅಂತರ ಅಂತ ಚುಕ್ಕಿ ಇಟ್ಟು ವೃತ್ತ ಎಳೆದು ನೋಡಿ. ಮರದ ಬುಡವನ್ನೇ ನಡು ಅಂತ ಹಿಡಿದರೆ ಒಳಗೆ 9 ಮರ ಸಿಗುತ್ತವೆ. ನಾಲ್ಕು ಮರಗಳ ಮಧ್ಯದ ಖಾಲಿ ಜಾಗವನ್ನು ನಡು ಮಾಡಿದರೆ 12. ಎಕರೆಗೆ 40 ಗುಂಟೆ ತಾನೇ, 9 ಹೋಗಿ 360 ಆಗುತ್ತೆ, 12 ಹೋಗಿ 480 ಆಗುತ್ತೆ. ನಿಜವಾಗಿ ಇರಬೇಕಾದ್ದು 435. ನಿಮಗೆ ಬಂದಿರೋದು ಸರಿಯಾಗಿ ಅದೇ ಎರಡು ಅಂಕಿ.

ಚೌಕ ಹಾಕಿದ್ದರೆ ಇನ್ನೂ ಕೆಡುತ್ತಿತ್ತು. 33 ಅಡಿಯ ಅಂಚು ಸಾಲಿನ ಜೊತೆಗೇ ಹೋದರೆ ಅದರೊಳಗೆ ಒಮ್ಮೆ ಮೂರು ಸಾಲು ಬೀಳುತ್ತೆ, ಒಮ್ಮೆ ನಾಲ್ಕು. ಅಂದರೆ 9 ಮರ, ಇಲ್ಲ 12, ಇಲ್ಲ 16. ಎಕರೆಗೆ 360ರಿಂದ 640ರ ತನಕ ಏನು ಬೇಕಾದರೂ ಬರಬಹುದು!

ಅದೇ ನಾಲ್ಕು ಗುಂಟೆ, ಅಂದರೆ ಎಕರೆಯ ಹತ್ತನೇ ಒಂದು ಭಾಗ ಮಾಡಿ. ದುಂಡಗಾದರೆ 37 ಅಡಿ 3 ಅಂಗುಲ. ಮರದ ಬುಡ ನಡುವಾದರೆ 45 ಮರ, ಖಾಲಿ ಜಾಗ ನಡುವಾದರೆ 44. ಎಕರೆಗೆ 450 ಮತ್ತು 440, ಎರಡೂ 435ರ ಹತ್ತಿರವೇ ಇವೆ. 66 ಅಡಿ ಚೌಕ ಹಾಕಿದರೆ ಮಾತ್ರ ಆರು ಸಾಲೋ ಏಳು ಸಾಲೋ ಅನ್ನುವ ತಕರಾರು ಉಳಿದೇ ಉಳಿಯುತ್ತೆ, 36 ಮರದಿಂದ 49ರ ತನಕ ಓಲಾಡುತ್ತೆ.

ಚೌಕವೇ ಇಷ್ಟ ಅಂದರೆ ಟೇಪಿನ ಅಳತೆಯಿಂದ ಶುರು ಮಾಡಬೇಡಿ, ಸಾಲಿನಿಂದ ಶುರು ಮಾಡಿ. ಆರು ಸಾಲು, ಸಾಲಿಗೆ ಏಳು ಗುಂಡಿ ಅಂತ ತಗೊಳ್ಳಿ. ಪ್ಲಾಟಿನ ಗಡಿ ಎರಡು ಸಾಲುಗಳ ಸರಿಯಾಗಿ ಮಧ್ಯದಲ್ಲಿ ಹೋಗಬೇಕು. ಆಗ ಜಾಗ 60 ಅಡಿಗೆ 70 ಅಡಿ, 4200 ಚದರ ಅಡಿ. ಎಕರೆಗೆ ಏರಿಸೋಕೆ 10.37ರಿಂದ ಗುಣಿಸಿ. ಮರ ಸತ್ತ ಗುಂಡಿ ಬಂದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಮರ ಸೊನ್ನೆ ಅಂತ ಬರೆಯಬೇಕು. ಇನ್ನೊಂದು ಮಾತು, ನೆಟ್ಟಾಗ 10 ಅಡಿ ಅಂದುಕೊಂಡದ್ದು ನೆಲದಲ್ಲಿ 10 ಅಡಿಯೇ ಇರಬೇಕಂತಿಲ್ಲ, ಕೂಲಿಯವರು ಕೋಲು ಹಿಡಿದು ಅಳೆದದ್ದು ಒಂಬತ್ತೂವರೆ ಆಗಿರಬಹುದು. ಹತ್ತು ಅಂತರ ಒಟ್ಟಿಗೆ ಟೇಪು ಹಿಡಿದು ಅಳೆದು ಹತ್ತರಿಂದ ಭಾಗಿಸಿ.

ಎಷ್ಟು ದೊಡ್ಡ ಪ್ಲಾಟು ಅನ್ನೋಕೆ ನಾನು ಎಕರೆ ನೋಡಲ್ಲ, ಒಳಗೆ ಬೀಳುವ ಮರ ನೋಡುತ್ತೇನೆ. ಪ್ಲಾಟಿಗೆ ಕಡಿಮೆ ಅಂದರೂ 15-20 ಮರ ಸಿಗಬೇಕು. 2 ಮೀಟರಿಗೆ ಒಂದರಂತೆ ನೆಟ್ಟ ಎಳೆ ನೀಲಗಿರಿಗೆ ಒಂದು ಗುಂಟೆ ಸಾಕು, ಅದರಲ್ಲೇ 25 ಗಿಡ ಇರುತ್ತವೆ. ನಿಮ್ಮ ತೇಗಕ್ಕೆ ಎರಡು ಗುಂಟೆ ಆಗಬಹುದು, ನಾಲ್ಕು ಗುಂಟೆ ಒಳ್ಳೆಯದು. ತೆಳುವು ಮಾಡಿ ಅರ್ಧ ಮರ ತೆಗೆದ ತೋಪಾದರೆ ನಾಲ್ಕಕ್ಕಿಂತ ಇಳಿಯಬೇಡಿ.

ಪ್ರಶ್ನೆ: ಅಷ್ಟು ಪ್ಲಾಟು ಎಲ್ಲೆಲ್ಲಿ ಹಾಕಬೇಕು, ಎಷ್ಟು ಹಾಕಬೇಕು? ಒಳ್ಳೇ ಕಡೆ ಎರಡು, ಕೆಟ್ಟ ಕಡೆ ಎರಡು ಹಾಕಿದರೆ ಸರಾಸರಿ ಆಗಲ್ವಾ?

ಉತ್ತರ: ಆಗಲ್ಲ. ಆಕಾರದಲ್ಲಿ ಆಗೋ ತಪ್ಪಿಗಿಂತ ಜಾಗ ಆರಿಸೋದರಲ್ಲಿ ಆಗೋ ತಪ್ಪೇ ಜಾಸ್ತಿ ದುಬಾರಿ. ನಿಂತು ನೋಡಿ 'ಇಲ್ಲಿ ಹಾಕೋಣ' ಅಂದ ಕೂಡಲೇ ಅದು ನಿಮ್ಮ ಕಣ್ಣಿನ ಅಂದಾಜೇ ಆಯಿತು, ಟೇಪು ಹಿಡಿದದ್ದು ಸುಮ್ನೆ. ಮರ ನೋಡುವ ಮುಂಚೆಯೇ ಕಾಗದದ ಮೇಲೆ ಜಾಗ ನಿಗದಿ ಆಗಿರಬೇಕು, ಆಮೇಲೆ ಅಲ್ಲಿ ಲಂಟಾನ ಇದ್ದರೂ ಬಂಡೆ ಇದ್ದರೂ ಬದಲಾಯಿಸಬಾರದು.

ಎಷ್ಟು ಪ್ಲಾಟು ಅನ್ನೋದು ತೋಪು ಎಷ್ಟು ಏರುಪೇರಾಗಿದೆ ಅನ್ನೋದರ ಮೇಲೆ ನಿಂತಿದೆ. ಮೊದಲು ಐದು ಪ್ಲಾಟು ಹಾಕಿ. ಉದಾಹರಣೆಗೆ ಅವುಗಳಲ್ಲಿ 210, 260, 180, 300, 250 ಘನ ಅಡಿ ಬಂತು ಅಂತ ಇಟ್ಟುಕೊಳ್ಳಿ. ಸರಾಸರಿ 240. ಮೊಬೈಲಿನ ಎಕ್ಸೆಲ್‌ನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಆಚೀಚೆ ಚೆದುರಿವೆ ಅನ್ನೋ ಅಳತೆ) ತೆಗೆದರೆ 46 ಬರುತ್ತೆ, ಅಂದರೆ ಸರಾಸರಿಯ ಶೇ. 19. ಕೊನೆಗೆ ಬರುವ ಅಂದಾಜು ಶೇ. 10ರ ಒಳಗೆ ಇರಬೇಕು ಅಂದರೆ, ಈ 19ರ ಎರಡರಷ್ಟನ್ನು 10ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಸುಮಾರು 15 ಪ್ಲಾಟು. 6 ಎಕರೆಯಲ್ಲಿ ಒಟ್ಟು ನಾಲ್ಕು ಗುಂಟೆಯ 60 ಪ್ಲಾಟು ಮಾತ್ರ ಹಿಡಿಸುತ್ತೆ, ಅದರಲ್ಲಿ ಕಾಲು ಭಾಗ ನೀವೇ ಅಳೆಯುತ್ತಿದ್ದೀರಿ, ಹಾಗಾಗಿ ಇನ್ನೂ ಸ್ವಲ್ಪ ಇಳಿದು 12 ಸಾಕಾಗುತ್ತೆ. ಶೇ. 15 ಹೆಚ್ಚುಕಮ್ಮಿ ಆದರೂ ಪರವಾಗಿಲ್ಲ ಅನ್ನೋರಿಗೆ ಆರೇ ಸಾಕು. ಅರ್ಧಕ್ಕೆ ಅರ್ಧ ಕೆಲಸ ಉಳಿಯಿತು, ಆದರೆ ಮಾರುವಾಗ ನನಗೆ ಶೇ. 10 ಬೇಕು.

ಎರಡು ಎಕರೆಗಿಂತ ಕಡಿಮೆ ಇದ್ದರೆ ಪ್ಲಾಟಿನ ಗೋಜೇ ಬೇಡ. ಎಲ್ಲಾ ಮರಕ್ಕೂ ನಂಬರು ಹಾಕಿ ಸುತ್ತಳತೆ ಹಿಡಿದುಬಿಡಿ.

12 ಪ್ಲಾಟು 6 ಎಕರೆಗೆ ಹಂಚಿದರೆ ಪ್ರತಿ ಪ್ಲಾಟಿನ ಪಾಲಿಗೆ 21,780 ಚದರ ಅಡಿ ಬರುತ್ತೆ, ಅಂದರೆ ಎರಡೂ ದಿಕ್ಕಿಗೆ ಸುಮಾರು 147 ಅಡಿಗೊಂದು. ಸರ್ವೆ ನಕ್ಷೆಯ ಮೇಲೆ ಮೊದಲ ಚುಕ್ಕಿಯನ್ನು ಚೀಟಿ ಎತ್ತಿ ಇಡಿ, ಉಳಿದವು ಅದರಿಂದ ಲೆಕ್ಕಕ್ಕೆ ಸರಿಯಾಗಿ ಬರಲಿ. ಇಲ್ಲಿ ಒಂದು ಸೂಕ್ಷ್ಮ ಇದೆ: 'ಚಿಲ್ಲರೆ ಯಾಕೆ' ಅಂತ 147ನ್ನು 150 ಮಾಡಬೇಡಿ. ಸಾಲು 10 ಅಡಿಗೊಂದು, ನಿಮ್ಮ ನಡೆ 150ಕ್ಕೊಂದು, ಸಾಲಿನ ಜೊತೆಗೇ ನಡೆದರೆ ಪ್ರತಿ ಪ್ಲಾಟಿನ ನಡುವೂ ಸಾಲಿನ ಒಂದೇ ಜಾಗಕ್ಕೆ ಬಂದು ಬೀಳುತ್ತೆ. ಮೊದಲನೆಯದು ಮರದ ಬುಡಕ್ಕೆ ಬಿದ್ದರೆ ಹನ್ನೆರಡೂ ಮರದ ಬುಡಕ್ಕೇ. ಚಿಕ್ಕ ಪ್ಲಾಟಿನಲ್ಲಿ ಇದರ ಪರಿಣಾಮ ಏನು ಅಂತ ಮೇಲೆ ನೋಡಿದ್ರಲ್ಲ.

ಪ್ರಶ್ನೆ: ತೀರ್ಥಹಳ್ಳಿ ಕಡೆ ನಮ್ಮ ಅಕೇಶಿಯಾ ಇರೋದು ಗುಡ್ಡದ ಇಳಿಜಾರಿನಲ್ಲಿ. ಟೇಪು ನೆಲದ ಮೇಲೆ ಹಾಸಿ ಅಳೆದರೆ ಸಾಕಾ? ಮತ್ತೆ ಅಂಚಿನ ಮರ ಒಳಗೋ ಹೊರಗೋ ಅಂತ ಪ್ರತಿ ಸಲ ವಾದ ಆಗುತ್ತೆ.

ಉತ್ತರ: ನೆಲದ ಮೇಲೆ ಹಾಸಬೇಡಿ. ಪಹಣಿಯಲ್ಲಿರೋ ಎಕರೆ ಸಮತಟ್ಟಿನ ಲೆಕ್ಕ. 20 ಡಿಗ್ರಿ ಇಳಿಜಾರಿನಲ್ಲಿ ನೆಲಕ್ಕೆ ಹಾಸಿ ಹಾಕಿದ ಪ್ಲಾಟು ನಿಜಕ್ಕೂ ಶೇ. 6 ಚಿಕ್ಕದು. 30 ಡಿಗ್ರಿ ಆದರೆ ಶೇ. 13 ಚಿಕ್ಕದು. ಅಷ್ಟೂ ನಾಟಾ ನಿಮ್ಮ ಲೆಕ್ಕದಿಂದ ಮಾಯ. ಟೇಪನ್ನು ಅಡ್ಡಡ್ಡ ಮಟ್ಟಸವಾಗಿ ಹಿಡಿದು, ತುದಿಯಿಂದ ತೂಕದ ಗುಂಡು ಇಳಿಬಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಅಳೆಯಿರಿ. ಅದು ಕಷ್ಟ ಅಂದರೆ ಅಳತೆಯನ್ನೇ ಸ್ವಲ್ಪ ಉದ್ದ ಮಾಡಿ: ನಾಲ್ಕು ಗುಂಟೆಗೆ 20 ಡಿಗ್ರಿಯಲ್ಲಿ 38.4 ಅಡಿ, 30 ಡಿಗ್ರಿಯಲ್ಲಿ 40 ಅಡಿ. ಸುತ್ತಲೂ ನೆಲದ ಮೇಲೆ ಅದೇ ಅಳತೆ ಹಿಡಿದರೆ ವಿಸ್ತೀರ್ಣ ಸರಿಹೋಗುತ್ತೆ. ಇಳಿಜಾರು ಎಷ್ಟು ಡಿಗ್ರಿ ಅಂತ ಮೊಬೈಲಿನಲ್ಲೇ ನೋಡಬಹುದು.

ಗುಡ್ಡದಲ್ಲಿ ಇನ್ನೊಂದು. ತಗ್ಗಿನಲ್ಲಿ ಮಣ್ಣು ಆಳ, ಮರ ದಪ್ಪ. ನೆತ್ತಿಯಲ್ಲಿ ಜಂಬಿಟ್ಟಿಗೆ, ಮರ ಸಣಕಲು. ಇಂಥ ಕಡೆ ಉದ್ದನೆ ಪಟ್ಟಿಯಂಥ ಪ್ಲಾಟಿಗೆ ಬೆಲೆ ಇದೆ, ಆದರೆ ಅದು ಕೆಳಗಿಂದ ಮೇಲಕ್ಕೆ ಹತ್ತಬೇಕು. ಆಗ ಒಂದೊಂದು ಪಟ್ಟಿಯೂ ದಪ್ಪ ಮರ, ಸಣಕಲು ಮರ ಎರಡನ್ನೂ ಹಿಡಿಯುತ್ತೆ, ಪಟ್ಟಿ ಪಟ್ಟಿಗೂ ವ್ಯತ್ಯಾಸ ಕಡಿಮೆ ಆಗುತ್ತೆ. ಗುಡ್ಡಕ್ಕೆ ಅಡ್ಡವಾಗಿ ಹಾಕಿದರೆ ಒಂದು ಪಟ್ಟಿ ಪೂರ್ತಿ ತಗ್ಗಿನದು, ಇನ್ನೊಂದು ಪೂರ್ತಿ ನೆತ್ತಿಯದು. ಅದೇ ಪ್ಲಾಟು, ಅದೇ ಶ್ರಮ, ಲೆಕ್ಕ ಮಾತ್ರ ಹಾಳು.

ಪಟ್ಟಿಯ ದೋಷ ಅದರ ಅಂಚು. ನಾಲ್ಕು ಗುಂಟೆಯ ವೃತ್ತಕ್ಕೆ ಅಂಚು 234 ಅಡಿ, ಚೌಕಕ್ಕೆ 264, 33 ಅಡಿ ಅಗಲದ ಪಟ್ಟಿಗೆ 330, ಹದಿನಾರೂವರೆ ಅಡಿ ಅಗಲದ ಪಟ್ಟಿಗೆ 561. ಅಂಚು ಉದ್ದ ಆದಷ್ಟೂ 'ಒಳಗೋ ಹೊರಗೋ' ಮರ ಜಾಸ್ತಿ. ವೃತ್ತವನ್ನು ನಾನು ಯಾವಾಗಲೂ ಮೊದಲು ಹೇಳೋದು ಇದಕ್ಕೇ, ಜೊತೆಗೆ ಅದಕ್ಕೆ ಮೂಲೆ ಮಟ್ಟ ಹಿಡಿಯೋ ಕೆಲಸವೂ ಇಲ್ಲ, ಒಂದು ಗೂಟ ಒಂದು ಟೇಪು ಸಾಕು.

ವಾದ ಬಿಡಿಸೋಕೆ ನಿಯಮ ಸುಲಭ. ಎದೆಮಟ್ಟದಲ್ಲಿ, ಅಂದರೆ ನೆಲದಿಂದ ನಾಲ್ಕೂವರೆ ಅಡಿಯಲ್ಲಿ, ಇಳಿಜಾರಾದರೆ ಮೇಲಿನ ಬದಿಯಿಂದ ಅಳೆದು, ಕಾಂಡದ ನಡು ಎಲ್ಲಿದೆ ನೋಡಿ. ಅದು ಒಳಗಿದ್ದರೆ ಮರ ಒಳಗೆ. ಕೊಂಬೆ ಎಲ್ಲಿ ಚಾಚಿದೆ, ಬೇರು ಎಲ್ಲಿ ಹೋಗಿದೆ ಅನ್ನೋದು ಬೇಡ. ಅನುಮಾನ ಬಂದ ಪ್ರತಿ ಮರಕ್ಕೂ ಟೇಪು ಹಿಡಿಯಿರಿ, ಟೇಪು ಸ್ಟೀಲಿನದೋ ಫೈಬರಿನದೋ ಇರಲಿ. ನೈಲಾನ್ ಹಗ್ಗ ಎಳೆದ ಹಾಗೆ ಹಿಗ್ಗುತ್ತೆ. 37 ಅಡಿಯಲ್ಲಿ ಒಂದೇ ಅಡಿ ತಪ್ಪಿದರೂ ವಿಸ್ತೀರ್ಣದಲ್ಲಿ ಶೇ. 5 ಹೋಯಿತು.

ಪ್ಲಾಟು ತೋಪಿನ ಬೇಲಿ ದಾಟಿ ಹೊರಗೆ ಚಾಚಿದರೆ ಅದನ್ನು ಒಳಗೆ ತಳ್ಳಬೇಡಿ. ಅಂಚಿನ ಮರಗಳಿಗೆ ಬಿಸಿಲು ಜಾಸ್ತಿ, ಅವು ಬೇರೆ ಥರ ಬೆಳೆದಿರುತ್ತವೆ, ಒಳಗೆ ತಳ್ಳಿದರೆ ಅವು ಲೆಕ್ಕಕ್ಕೆ ಬರೋದು ಕಡಿಮೆ ಆಗುತ್ತೆ. ಗೂಟದಿಂದ ಬೇಲಿಗೆ ನೇರ ಎಷ್ಟು ದೂರ ಅಂತ ಅಳೆದು, ಬೇಲಿಯಾಚೆ ಅಷ್ಟೇ ದೂರ ಹೋಗಿ ಇನ್ನೊಂದು ಗೂಟ ಹೊಡೆಯಿರಿ. ಅಲ್ಲಿಂದ ಅದೇ ಅಳತೆ ಬೀಸಿದಾಗ ತೋಪಿನೊಳಗೆ ಸಿಕ್ಕ ಮರಗಳನ್ನು ಎರಡನೇ ಸಲ ಬರೆಯಿರಿ. ಹೊರಗೆ ಬಿದ್ದ ಭಾಗಕ್ಕೆ ಅದು ಸರಿಹೋಗುತ್ತೆ.

ಪ್ರಶ್ನೆ: ನಮ್ಮದು ಕೊಡಗಿನ ಕಾಫಿ ತೋಟ. ಕಡಿಯೋ ಹಂತಕ್ಕೆ ಬಂದ ಸಿಲ್ವರ್ ಓಕ್ ಎಕರೆಗೆ ಸುಮಾರು 40 ಇರಬಹುದು, ಅಲ್ಲಲ್ಲಿ ಚೆದುರಿವೆ. ನಾಲ್ಕು ಗುಂಟೆ ಪ್ಲಾಟು ಇಲ್ಲಿಗೂ ಆಗುತ್ತಾ?

ಉತ್ತರ: ಇಲ್ಲ. ನಾಲ್ಕು ಗುಂಟೆಯಲ್ಲಿ ನಿಮಗೆ ಸಿಗೋದು ನಾಲ್ಕು ಮರ. ಒಂದು ಕಡೆ ಎಂಟು ಸಿಗುತ್ತೆ, ಇನ್ನೊಂದು ಕಡೆ ಒಂದೂ ಇಲ್ಲ. ನಿಮಗೆ ಅರ್ಧ ಎಕರೆ ಪ್ಲಾಟು ಬೇಕು. ಅದನ್ನು ದುಂಡಗೆ ಮಾಡಿದರೆ 83 ಅಡಿ ಟೇಪು ಕಾಫಿ ಗಿಡದ ನಡುವೆ ಎಲ್ಲಾ ದಿಕ್ಕಿಗೂ ಎಳೆಯಬೇಕು, ಗಿಡ ಹಾಳು, ಟೇಪೂ ನೆಟ್ಟಗೆ ನಿಲ್ಲಲ್ಲ. ಇಲ್ಲಿ ಪಟ್ಟಿಯೇ ಸರಿ. 330 ಅಡಿ ಉದ್ದದ ಒಂದು ನೇರ ಗೆರೆ, ಅದರ ಎರಡೂ ಬದಿಗೆ 33 ಅಡಿ. ಲೆಕ್ಕಕ್ಕೆ ಕರೆಕ್ಟಾಗಿ 20 ಗುಂಟೆ. ಗೆರೆಯ ಮೇಲೆ ನಡೆಯುತ್ತಾ ಹೋಗಿ, ಅನುಮಾನದ ಮರಕ್ಕೆ ಮಾತ್ರ ಅಡ್ಡ ಟೇಪು ಹಿಡಿದರೆ ಆಯಿತು.

ನಡೆಯುತ್ತಾ ಎಣಿಸೋದು ಹಳೇ ಪದ್ಧತಿಯೇ. ಡಿಟ್ರಿಚ್ ಬ್ರಾಂಡಿಸ್ 1856ರಲ್ಲಿ ಬರ್ಮಾದ ಪೆಗು ತೇಗದ ಕಾಡುಗಳ ಹೊಣೆ ಹೊತ್ತಾಗ, ಕಾಡಿನೊಳಗೆ ಗೆರೆ ಹಿಡಿದು ಹೋಗುತ್ತಾ ಪಕ್ಕದ ತೇಗಗಳನ್ನು ಸುತ್ತಳತೆಯ ದರ್ಜೆವಾರು ಎಣಿಸಿಯೇ ಎಷ್ಟು ಕಡಿಯಬಹುದು ಅಂತ ಗೊತ್ತುಮಾಡಿದರು. ಅವರೇ 1864ರಲ್ಲಿ ಭಾರತದ ಮೊದಲ ಅರಣ್ಯ ಇನ್‌ಸ್ಪೆಕ್ಟರ್ ಜನರಲ್ ಆದವರು.

ಮುಂದಿನ ವರ್ಷಗಳಲ್ಲಿ ಕಟಾವಿಗೆ ಬರೋ ಸಣ್ಣ ಸಿಲ್ವರ್ ಓಕ್ ಲೆಕ್ಕವೂ ಬೇಕು ಅಂದರೆ ಅದನ್ನೂ ಅರ್ಧ ಎಕರೆಯಲ್ಲಿ ಎಣಿಸುತ್ತಾ ಕೂರಬೇಡಿ. ಪಟ್ಟಿಯ ಎರಡು ತುದಿಗೆ, ಅದರ ಒಳಗೇ, ಎರಡೆರಡು ಗುಂಟೆಯ ವೃತ್ತ ಹಾಕಿ, ಅಳತೆ 26 ಅಡಿ 4 ಅಂಗುಲ. ಸಣ್ಣವು ಅದರಲ್ಲಿ, ದೊಡ್ಡವು ಪಟ್ಟಿಯಲ್ಲಿ. ಎಕರೆಗೆ ಏರಿಸುವಾಗ ಎರಡಕ್ಕೂ ಬೇರೆ ಬೇರೆ ಗುಣಕ ಅನ್ನೋದನ್ನು ಮಾತ್ರ ಮರೆಯಬೇಡಿ.

ಪ್ರಶ್ನೆ: ನಾನು ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದುತ್ತಿದ್ದೇನೆ. ಭಾರತೀಯ ಅರಣ್ಯ ಸಮೀಕ್ಷೆಯವರು ಮೊದಲು ಚೌಕ ಪ್ಲಾಟು ಹಾಕುತ್ತಿದ್ದರು, ಈಗ ವೃತ್ತ. ಯಾಕೆ? ಪ್ಲಾಟೇ ಇಲ್ಲದೆ ಅಳೆಯೋ ವಿಧಾನವೂ ಇದೆಯಂತೆ?

ಉತ್ತರ: ಮೊದಲು 0.1 ಹೆಕ್ಟೇರಿನ ಒಂದೇ ಚೌಕ ಇತ್ತು, ಅಂಚು 31.62 ಮೀಟರ್. ಈಗಿನ ವಿನ್ಯಾಸದಲ್ಲಿ ನಡುವಿನಿಂದ ಅಂಚಿಗೆ 8 ಮೀಟರ್ ಅಳತೆಯ ನಾಲ್ಕು ವೃತ್ತಗಳ ಗುಂಪು, ನಡುವೆ ಒಂದು, ಸುತ್ತ ಮೂರು. ನಾಲ್ಕೂ ಸೇರಿ ಸುಮಾರು 804 ಚದರ ಮೀಟರ್, ಹಳೇ ಚೌಕಕ್ಕಿಂತ ಕಡಿಮೆಯೇ. ಅಮೆರಿಕದ ರಾಷ್ಟ್ರೀಯ ಅರಣ್ಯ ಗಣತಿಯೂ ಇದೇ ಧಾಟಿಯದು, ಅಲ್ಲಿ ವೃತ್ತದ ಅಳತೆ 24 ಅಡಿ, ನಡುವಿನ ವೃತ್ತದಿಂದ ಉಳಿದವು 120 ಅಡಿ ದೂರ. ಕಾಡಿನಲ್ಲಿ ಅಕ್ಕಪಕ್ಕದ ಮರಗಳು ಒಂದಕ್ಕೊಂದು ಹೋಲುತ್ತವೆ. ಒಂದೇ ಕಡೆ ಸಾವಿರ ಚದರ ಮೀಟರ್ ಅಳೆದರೆ ಅದೇ ಸುದ್ದಿ ಮತ್ತೆ ಮತ್ತೆ ಸಿಗುತ್ತೆ, ಅದನ್ನೇ ಒಡೆದು ದೂರ ದೂರ ಇಟ್ಟರೆ ಹೊಸದು ಸಿಗುತ್ತೆ. ಅತಿ ದೊಡ್ಡ ಪ್ಲಾಟುಗಳೂ ಇವೆ, 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮುದುಮಲೈಯಲ್ಲಿ ಹಾಕಿದ 50 ಹೆಕ್ಟೇರಿನದು ಅಂಥದ್ದು. ಆದರೆ ಅದರ ಉದ್ದೇಶ ಬೇರೆ. ಅದೇ ಮರಗಳು ವರ್ಷ ವರ್ಷ ಹೇಗೆ ಹುಟ್ಟಿ ಬೆಳೆದು ಸಾಯುತ್ತವೆ ಅಂತ ನೋಡೋಕೆ ಅದು ಬೇಕು, ನಾಟಾ ಲೆಕ್ಕಕ್ಕಲ್ಲ.

ಪ್ಲಾಟಿಲ್ಲದ ವಿಧಾನ ಆಸ್ಟ್ರಿಯಾದ ಅರಣ್ಯಾಧಿಕಾರಿ ವಾಲ್ಟರ್ ಬಿಟರ್ಲಿಶ್ ಅವರದು, 1940ರ ದಶಕದ ಕೊನೆಯಲ್ಲಿ ಬಂತು. ನನಗೆ ತುಂಬಾ ಮೆಚ್ಚಿಗೆಯಾದದ್ದು. 33 ಅಂಗುಲದ ಕೋಲು, ಅದರ ತುದಿಗೆ ಒಂದು ಅಂಗುಲ ಅಗಲದ ಪಟ್ಟಿ. ಇನ್ನೊಂದು ತುದಿ ಕಣ್ಣಿನ ಹತ್ತಿರ. ನಿಂತಲ್ಲೇ ಒಂದು ಸುತ್ತು ತಿರುಗಿ, ಎದೆಮಟ್ಟದಲ್ಲಿ ಪಟ್ಟಿಗಿಂತ ಅಗಲ ಕಾಣುವ ಕಾಂಡಗಳನ್ನು ಮಾತ್ರ ಎಣಿಸಿ. ಎಣಿಸಿದ ಒಂದೊಂದು ಮರಕ್ಕೂ ಎಕರೆಗೆ 10 ಚದರ ಅಡಿ ಕಾಂಡದ ಅಡ್ಡಕೊಯ್ತ, ಅಂದರೆ ಎದೆಮಟ್ಟದಲ್ಲಿ ಕಾಂಡಗಳನ್ನು ಅಡ್ಡ ಕೊಯ್ದರೆ ಕಾಣುವ ಮುಖಗಳ ಒಟ್ಟು ವಿಸ್ತೀರ್ಣ. 14 ಮರ ಬಂದರೆ ಎಕರೆಗೆ 140 ಚದರ ಅಡಿ. ಒಂದು ಅಡಿ ದಪ್ಪದ ಮರ 33 ಅಡಿ ದೂರದ ತನಕ ಎಣಿಕೆಗೆ ಬರುತ್ತೆ, ಅರ್ಧ ಅಡಿಯದು ಹದಿನಾರೂವರೆ ಅಡಿಯ ತನಕ ಮಾತ್ರ. ಅಂದರೆ ಪ್ರತಿ ಮರವೂ ತನ್ನ ದಪ್ಪಕ್ಕೆ ತಕ್ಕ ಪ್ಲಾಟನ್ನು ತಾನೇ ತರುತ್ತೆ! ನಾಟಾ ಇರೋದು ದೊಡ್ಡ ಮರದಲ್ಲಿ, ಈ ವಿಧಾನ ದೊಡ್ಡ ಮರವನ್ನೇ ಹೆಚ್ಚು ನೋಡುತ್ತೆ. ಆದರೆ ಪೊದೆ ದಟ್ಟವಾದ ಕಡೆ ಹಿಂದಿನ ಮರ ಕಾಣಲ್ಲ, ಎಕರೆಗೆ ಎಷ್ಟು ಮರ ಅನ್ನೋದೂ ನೇರವಾಗಿ ಸಿಗಲ್ಲ. ಆ ಎರಡು ಕಾರಣಕ್ಕೆ ಮೊದಲ ಸಲ ಅಳೆಯೋ ರೈತರಿಗೆ ನಾನು ಇದನ್ನು ಹೇಳಲ್ಲ.

ಪ್ರಶ್ನೆ: ಪ್ಲಾಟು ಎಲ್ಲಾ ಸರಿ ಹಾಕಿದ ಮೇಲೂ ವ್ಯಾಪಾರಿಯ ಘನ ಅಡಿ ಬೇರೆ, ನಮ್ಮದು ಬೇರೆ ಬರುತ್ತೆ ಅಂತಾರಲ್ಲ?

ಉತ್ತರ: ಅದು ಪ್ಲಾಟಿನದಲ್ಲ, ಸೂತ್ರದ್ದು. ನಾಟಾ ವ್ಯಾಪಾರದಲ್ಲಿ ಕಾಲು ಸುತ್ತಳತೆಯ ಲೆಕ್ಕ ನಡೆಯುತ್ತೆ. ದಿಮ್ಮಿಯ ನಡುವಿನ ಸುತ್ತಳತೆ 32 ಅಂಗುಲ, ಉದ್ದ 18 ಅಡಿ ಅಂದರೆ, 32ರ ಕಾಲು ಭಾಗ 8, ಎಂಟೆಂಟ್ಲೆ 64, ಅದನ್ನು 18ರಿಂದ ಗುಣಿಸಿ 144ರಿಂದ ಭಾಗಿಸಿದರೆ 8 ಘನ ಅಡಿ. ನಿಜವಾದ ದುಂಡು ಲೆಕ್ಕದಲ್ಲಿ ಅದೇ ದಿಮ್ಮಿ 10.2 ಘನ ಅಡಿ. ರೇಟು ಯಾವ ಘನ ಅಡಿಗೆ ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ. ಇನ್ನೊಂದು, ಪ್ಲಾಟಿನಲ್ಲಿ ನೀವು ಹಿಡಿದದ್ದು ಎದೆಮಟ್ಟದ ಸುತ್ತಳತೆ, ದಿಮ್ಮಿಯ ನಡುವಿನದು ಅದಕ್ಕಿಂತ ಕಡಿಮೆ ಇರುತ್ತೆ. ಬಿದ್ದ ಮರವೋ ತೆಳುವಿಗೆ ಕಡಿದ ಮರವೋ ಇದ್ದರೆ ಕೆಲವನ್ನು ಎರಡೂ ಕಡೆ ಅಳೆದು ಎಷ್ಟು ಇಳಿಯುತ್ತೆ ಅಂತ ನೋಡಿಟ್ಟುಕೊಳ್ಳಿ.

ಪ್ರಶ್ನೆ: ಈ ವರ್ಷ ಮಾರಲ್ಲ ಅಂತ ತೀರ್ಮಾನ ಆದರೆ ಹಾಕಿದ ಪ್ಲಾಟು ದಂಡವಾ?

ಉತ್ತರ: ಖಂಡಿತ ಅಲ್ಲ. ನಡುವಿನ ಗೂಟ ಕಿತ್ತು ಅಲ್ಲಿ ಒಂದು ಕಬ್ಬಿಣದ ರಾಡು ಹೊಡೆಯಿರಿ. ಮೊಬೈಲಿನ ಜಿಪಿಎಸ್ ಅಲ್ಲಿಗೆ ಹತ್ತಿರ ಕರೆದುಕೊಂಡು ಹೋಗುತ್ತೆ, ಆದರೆ ಮರದ ನೆರಳಿನಲ್ಲಿ ಕೆಲವು ಮೀಟರ್ ಆಚೀಚೆ ಆಗುತ್ತೆ, ಹಾಗಾಗಿ ರಾಡಿಗೆ ಹತ್ತಿರದ ಎರಡು ಮರಗಳಿಂದ ಎಷ್ಟು ಅಡಿ, ಯಾವ ದಿಕ್ಕು ಅಂತ ಬರೆದಿಡಿ. ಒಳಗಿನ ಪ್ರತಿ ಮರಕ್ಕೂ ಬಣ್ಣದಲ್ಲಿ ನಂಬರು ಹಾಕಿ, ಸುತ್ತಳತೆ ಹಿಡಿದ ಜಾಗಕ್ಕೂ ಒಂದು ಗೆರೆ ಎಳೆಯಿರಿ. ಮೂರು ವರ್ಷ ಬಿಟ್ಟು ಅದೇ ಗೆರೆಯ ಮೇಲೆ ಟೇಪು ಹಿಡಿದರೆ ತೋಪು ವರ್ಷಕ್ಕೆ ಎಷ್ಟು ನಾಟಾ ಕಟ್ಟುತ್ತಿದೆ ಅಂತ ಗೊತ್ತಾಗುತ್ತೆ. ಇನ್ನೂ ಕಾಯಬೇಕಾ, ಈಗಲೇ ಕಡಿಯಬೇಕಾ ಅನ್ನೋದನ್ನು ಆ ಅಂಕಿ ನೋಡಿ ನೀವೇ ನಿರ್ಧರಿಸಬಹುದು.